ಮೊಳಕೆ ರಾಗಿ ಹಿಟ್ಟು ಮಳೆಗಾಲದಲ್ಲಿ ಕೆಡದಂತೆ ಇಡುವುದು ಹೇಗೆ?

ಪ್ರಶ್ನೆ, ದಾವಣಗೆರೆಯಿಂದ:
ಮಗುವಿನ ಮಾಲ್ಟ್‌ಗೆ ಅಂತ 5 ಕೆಜಿ ರಾಗಿ ಮೊಳಕೆ ಕಟ್ಟಿ ಒಣಗಿಸಿ, ಎಲ್ಲವನ್ನೂ ಒಂದೇ ಸಲ ಗಿರಣಿಗೆ ಹಾಕಿಸಿದೆ. ಮಳೆ ಶುರುವಾದ ಮೇಲೆ ಹಿಟ್ಟು ಗಂಟು ಕಟ್ಟಿ ಮುಗ್ಗಲು ವಾಸನೆ ಬರುತ್ತಿದೆ. ಹುರಿದು ಬಳಸಬಹುದಾ?

ಉತ್ತರ:
ಬೇಡ ಅಕ್ಕ, ಮಗುವಿಗಂತೂ ಬೇಡವೇ ಬೇಡ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಮುಂದಿನ ಸಲ ಕಾಳಾಗಿಯೇ ಇಡಿ, 15 ದಿನಕ್ಕೆ ಬೇಕಾಗುವಷ್ಟು ಮಾತ್ರ ಬೀಸಿಸಿ. ಕಾಳು ಹಲ್ಲಿಗೆ ಕಟ್ ಅಂತ ಒಡೆಯುವಷ್ಟು ಒಣಗಬೇಕು, ಆಮೇಲೆ ಬಟ್ಟೆಯಲ್ಲಿ ಉಜ್ಜಿ ಬೇರನ್ನೆಲ್ಲ ಕೇರಿ ತೆಗೆಯಿರಿ, ಜಾಸ್ತಿ ತೇವ ಹೀರುವುದು ಅದೇ.

ಉತ್ತರ, ಚಿತ್ರದುರ್ಗದಿಂದ:
ನಾವು ಏಪ್ರಿಲ್ ಬಿಸಿಲಲ್ಲೇ ಮಾಡಿಡುತ್ತೇವೆ. ಕಾಳು ಆರಿದ ಮೇಲೆಯೇ ಸ್ಟೀಲ್ ಡಬ್ಬಿಗೆ ತುಂಬಿ, ಬಿಸಿ ಇದ್ದಾಗ ಮುಚ್ಚಿದರೆ ಒಳಗೇ ಬೆವರುತ್ತದೆ.

ಪ್ರಶ್ನೆ ಕೇಳಿದವರು:
ಹಿಟ್ಟು ಚೆಲ್ಲಿದೆ, ಹೊಟ್ಟೆ ಉರಿಯಿತು. ಉಳಿದ ರಾಗಿ ನಾಳೆ ನೆನೆಹಾಕುತ್ತೇನೆ.