ರೇಸ್ ಟಿಕೆಟ್ ಮೇಲಿನ ತೆರಿಗೆ: ಹೊರೆ ಬೀಳುವುದು ಯಾರ ಮೇಲೆ?

ಪ್ರಶ್ನೆ (ದಾವಣಗೆರೆ): ಸರ್, ನಮ್ಮ ಚಿಕ್ಕಪ್ಪನವರು ಬೆಂಗಳೂರಿನ ಕುದುರೆ ರೇಸ್‌ನಲ್ಲಿ 60,000 ರೂಪಾಯಿ ಗೆದ್ದರು. ಅದರಲ್ಲಿ 18,000 ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಅದೇ ವರ್ಷ ಸೋತ ಟಿಕೆಟ್‌ಗಳ ಹಣವನ್ನು ಇದರಲ್ಲಿ ಕಳೆಯಬಹುದೇ?

ಉತ್ತರ (ತೆರಿಗೆ ಸಲಹೆಗಾರ, ಚಿತ್ರದುರ್ಗ): ಕಳೆಯಲು ಬರುವುದಿಲ್ಲ. ಗೆಲುವು 10,000 ರೂಪಾಯಿ ಮೀರಿದರೆ ಶೇ 30ರಷ್ಟು ಆದಾಯ ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ; ಈ ಆದಾಯಕ್ಕೆ ಕನಿಷ್ಠ ವಿನಾಯಿತಿ ಮಿತಿಯೂ ಅನ್ವಯಿಸದು. ರಿಟರ್ನ್ ಸಲ್ಲಿಸುವಾಗ ಆ ತೆರಿಗೆಯ ಮೇಲೆ ಶೇ 4ರ ಸೆಸ್, ಅಂದರೆ 720 ರೂಪಾಯಿ, ಮತ್ತೆ ಕಟ್ಟಬೇಕು. ಪಂದ್ಯದ ಕುದುರೆಗಳನ್ನು ಸ್ವತಃ ಸಾಕುವ ಮಾಲೀಕರಿಗೆ ಮಾತ್ರ ಸಾಕಣೆಯ ಖರ್ಚು ತೋರಿಸುವ ಅವಕಾಶವಿದೆ.

ಪ್ರಶ್ನೆ (ಹಿರಿಯೂರು): ನಮ್ಮ ಭಾವ ಬೆಂಗಳೂರಿನಲ್ಲಿ ಕುದುರೆ ಲಾಯದ ಕೆಲಸದಲ್ಲಿದ್ದಾರೆ. ಜಿಎಸ್‌ಟಿಯಿಂದ ತಮ್ಮ ಕೆಲಸಕ್ಕೇ ಕುತ್ತು ಬರುತ್ತದೆ ಎನ್ನುತ್ತಾರೆ. ಪಂತ ಕಟ್ಟುವವರ ಮೇಲಿನ ತೆರಿಗೆ ಲಾಯದವರನ್ನು ತಟ್ಟುವುದು ಹೇಗೆ ಸರ್?

ಉತ್ತರ: ತಮ್ಮ ಭಾವನವರ ಆತಂಕ ನಿಜವಾದದ್ದು. ತೆರಿಗೆಯ ದರಕ್ಕಿಂತ, ಅದನ್ನು ಯಾವ ಮೊತ್ತದ ಮೇಲೆ ಹಾಕುತ್ತಾರೆ ಎಂಬುದೇ ಇಲ್ಲಿ ಮುಖ್ಯ. ಎಲ್ಲರ ಪಂತದ ಹಣವನ್ನು ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆಗೆ ಟೋಟ್ ಎನ್ನುತ್ತಾರೆ. ಟೋಟ್‌ಗೆ ಬಂದ ಹಣದಲ್ಲಿ ರೇಸ್ ನಡೆಸುವ ಕ್ಲಬ್‌ಗೆ ಉಳಿಯುವುದು ಕಮಿಷನ್ ಮಾತ್ರ. ಮಿಕ್ಕದ್ದು ಗೆದ್ದವರಿಗೆ ಹೋಗುತ್ತದೆ. ಆದರೆ 2018ರ ಜಿಎಸ್‌ಟಿ ನಿಯಮ 31ಎ, ಪಂತದ ಪೂರ್ಣ ಮೊತ್ತದ ಮೇಲೆ ಶೇ 28ರ ತೆರಿಗೆ ವಿಧಿಸಿತು. ಬೆಂಗಳೂರು ಟರ್ಫ್ ಕ್ಲಬ್‌ನ ಅರ್ಜಿಯ ಮೇಲೆ 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠವು, ತೆರಿಗೆ ಕಮಿಷನ್ನಿಗೆ ಸೀಮಿತವಾಗಬೇಕೆಂದು ಹೇಳಿ ಆ ನಿಯಮವನ್ನು ಅನೂರ್ಜಿತಗೊಳಿಸಿತು. ಆದರೂ 2023ರ ಅಕ್ಟೋಬರ್ 1ರ ತಿದ್ದುಪಡಿಯು ಪೂರ್ಣ ಮೊತ್ತದ ತೆರಿಗೆಯನ್ನೇ ಗಟ್ಟಿಮಾಡಿತು. 2025ರ ಸೆಪ್ಟೆಂಬರ್ 22ರಿಂದ ದರ ಶೇ 40 ಆಯಿತು.

ಲೆಕ್ಕಕ್ಕೆ ಕಮಿಷನ್ ಶೇ 10 ಎಂದಿಟ್ಟುಕೊಳ್ಳಿ. 100 ರೂಪಾಯಿಯ ಪಂತಕ್ಕೆ ಆಟಗಾರ 140 ಕೊಡುತ್ತಾನೆ, ಗೆದ್ದವರೆಲ್ಲರಿಗೂ ಸೇರಿ ಹಂಚಿಕೆಯಾಗುವುದು 90. ತೆರಿಗೆ ಕಮಿಷನ್ ಮೇಲೆ ಮಾತ್ರ ಇದ್ದಿದ್ದರೆ 104ಕ್ಕೆ 90 ಸಿಗುತ್ತಿತ್ತು. ಗೆದ್ದ ಹಣವನ್ನು ಮುಂದಿನ ಪಂದ್ಯಕ್ಕೆ ಕಟ್ಟಿದರೆ ಪುನಃ ಶೇ 40. ಹೀಗೆ ಒಂದೇ ಹಣ ಒಂದೇ ಮಧ್ಯಾಹ್ನ ಹಲವು ಬಾರಿ ತೆರಿಗೆಗೆ ಸಿಗುತ್ತದೆ. ಆಗ ಆಟಗಾರ, ತೆರಿಗೆ ಕಟ್ಟದ ಅಕ್ರಮ ಬುಕ್ಕಿಯತ್ತ ಹೊರಳುತ್ತಾನೆ, ಕ್ಲಬ್‌ನ ಕಮಿಷನ್ ಕರಗುತ್ತದೆ.

ಬಹುಮಾನದ ಹಣಕ್ಕೆ ಆ ಕಮಿಷನ್ನೇ ಮುಖ್ಯ ಆಧಾರ. ಬಹುಮಾನ ತಗ್ಗಿದರೆ ಮಾಲೀಕರು ಕುದುರೆ ಕೊಳ್ಳಲು ಹಿಂದೇಟು ಹಾಕುತ್ತಾರೆ. ಕುಣಿಗಲ್‌ನಂಥ ತಳಿ ಕೇಂದ್ರಗಳ ಮರಿಗಳಿಗೆ ಬೇಡಿಕೆ ಕುಗ್ಗುತ್ತದೆ. ತರಬೇತುದಾರರು, ಜಾಕಿಗಳು, ಲಾಳ ಕಟ್ಟುವವರು, ಮೇವು ಪೂರೈಸುವವರು, ಕೊನೆಗೆ ಕುದುರೆಯ ಮೈ ಉಜ್ಜುವ ತಮ್ಮ ಭಾವನವರವರೆಗೂ ಆ ನಷ್ಟ ಇಳಿದು ಬರುತ್ತದೆ.

ಪ್ರಶ್ನೆ (ದಾವಣಗೆರೆ): ಜೂಜಿಗೆ ಕಡಿವಾಣ ಬೀಳುವುದು ಒಳ್ಳೆಯದಲ್ಲವೇ ಸರ್?

ಉತ್ತರ: ಮನೆಗಳು ಹಾಳಾಗುವುದನ್ನು ಕಂಡವರು ಹಾಗೆ ಕೇಳುವುದು ಸಹಜ, ಆ ಕಳಕಳಿ ನನಗೂ ಇದೆ. ಆದರೆ ಕುದುರೆ ಪಂದ್ಯವು ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ನೀಡಿದೆ. ಅಲ್ಲದೆ ಬುಕ್ಕಿಯ ಬಳಿಗೆ ಹೋದ ಪಂತ ನಿಂತ ಪಂತವಲ್ಲ. ಅದರಿಂದ ಸರ್ಕಾರಕ್ಕೆ ಜಿಎಸ್‌ಟಿಯೂ ಇಲ್ಲ, ಲಾಯದವರಿಗೆ ಕೂಲಿಯೂ ಇಲ್ಲ. ದರ ಶೇ 40ರಲ್ಲೇ ಇರಲಿ, ಅದನ್ನು ಕಮಿಷನ್ ಮೇಲೆ ಹಾಕಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.