ಸಹಾಯ ಬೇಕು: ಈ ಬ್ರಾಕಿಯೋಪಾಡ್ ಚಿಪ್ಪಿಗೆ ಯಾವ ಹೆಸರು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಓಹಿಯೋದ ಸೀಸರ್ ಕ್ರೀಕ್‌ನಲ್ಲಿ ಪರ್ಮಿಟ್ ತಗೊಂಡು ಆರಿಸಿದ ಬ್ರಾಕಿಯೋಪಾಡ್ (ಕಪ್ಪೆಚಿಪ್ಪಿನ ಥರ ಎರಡು ಚಿಪ್ಪಿರುವ, ಆದರೆ ಬೇರೆಯೇ ಗುಂಪಿನ ಸಮುದ್ರಜೀವಿ) ಪಳೆಯುಳಿಕೆ ಇದು, ಸುಮಾರು 45 ಕೋಟಿ ವರ್ಷ ಹಳೆಯದು. ಕಪ್ಪೆಚಿಪ್ಪಲ್ಲ ಅನ್ನೋದು ಖಚಿತ, ಯಾಕಂದ್ರೆ ಮೇಲಿನ ಚಿಪ್ಪು ಕೆಳಗಿನದರ ಥರ ಇಲ್ಲ, ಆದರೆ ಒಂದೊಂದನ್ನೂ ನೆಟ್ಟಗೆ ನೋಡಿದರೆ ಎಡ, ಬಲ ಸರಿಸಮ ಇದೆ. ದಪ್ಪ ಮಡಿಕೆಗಳು, ಒಂದರ ನಡುವೆ ಉಬ್ಬು, ಇನ್ನೊಂದರಲ್ಲಿ ತಗ್ಗು. ಕೀಲಿನ ಎರಡೂ ತುದಿ ಚೂಪಾಗಿ ಚಾಚಿಕೊಂಡಿವೆ, ನೋಡೋಕೆ ತುಂಬಾ ಚೆಂದ.

ಹಳೆಯ ಪುಸ್ತಕಗಳಲ್ಲಿ ಇಂಥವನ್ನು ಪ್ಲಾಟಿಸ್ಟ್ರೋಫಿಯಾ ಅಂತಾರೆ. 2007ರಲ್ಲಿ ಅಮೆರಿಕದ ಇಂಥ ಚಿಪ್ಪುಗಳಿಗೆ ವಿನ್‌ಲ್ಯಾಂಡೋಸ್ಟ್ರೋಫಿಯಾ ಅನ್ನೋ ಹೊಸ ಕುಲ ಮಾಡಿದರು. ಚೀಟಿಯಲ್ಲಿ ಎರಡೂ ಹೆಸರು ಬರೆಯಬೇಕಾ, ಹೊಸದು ಸಾಕಾ? ಇದು ಆ ಕುಲದ ಅಕ್ಯೂಟಿಲಿರಾಟಾ ಅನ್ನೋ ಪ್ರಭೇದ ಇರಬಹುದಾ? ಚಿಪ್ಪಿನ ಒಳಗು ನೋಡದೆ ಪ್ರಭೇದ ಹೇಳೋಕಾಗುತ್ತಾ? ಒಡೆಯೋಕೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಿ, ಬೇರೆ ಕೋನದ ಫೋಟೋ ಬೇಕಿದ್ದರೆ ಇವತ್ತೇ ಹಾಕ್ತೀನಿ.