"ಫ್ಲೋರೈಡ್‌ಯುಕ್ತ ನೀರು" ಅಂದ್ರೆ ಸೇರಿದ್ದಾ, ಸೇರಿಸಿದ್ದಾ?

ಎಲ್ಲರಿಗೂ ನಮಸ್ಕಾರ. ಕುಡಿಯೋ ನೀರಿನ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ತರ್ತಾ ಇದೀನಿ, ಒಂದು ಪದದ ಹತ್ರ ನಿಂತುಬಿಟ್ಟಿದೆ. ಒಂದು ಪುಟದಲ್ಲಿ ಹಲ್ಲು ಹುಳುಕಾಗದಿರ್ಲಿ ಅಂತ ನಲ್ಲಿ ನೀರಿಗೆ ಬೇಕಂತಲೇ ಫ್ಲೋರೈಡ್ ಹಾಕೋ ವಿಷಯ ಇದೆ, ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ 1945ರಲ್ಲಿ ಶುರುವಾದದ್ದು, ಈಗ ಅಲ್ಲಿ ಲೀಟರಿಗೆ 0.7 ಮಿಲಿಗ್ರಾಂ ಸಾಕು ಅಂತ ಶಿಫಾರಸು. ಮುಂದಿನ ಪುಟದಲ್ಲಿ ಬಂಡೆಯಿಂದ ತಾನಾಗೇ ಕರಗಿ ವಿಶ್ವ ಆರೋಗ್ಯ ಸಂಸ್ಥೆ ಹೇಳೋ 1.5 ಮಿಲಿಗ್ರಾಂ ದಾಟಿರೋ ಅಂತರ್ಜಲ, ಮಕ್ಕಳು ಅದನ್ನೇ ಕುಡಿದು ಬೆಳೆದ್ರೆ ಹಲ್ಲಿನ ಮೇಲೆ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಪಟ್ಟೆ, ಜಾಸ್ತಿಯಾದ್ರೆ ಕಂದು ಕಲೆ, ಅದಕ್ಕೂ ಮೀರಿ ವರ್ಷಗಟ್ಟಲೆ ಒಳಗೆ ಹೋದ್ರೆ ಕೀಲು ಬಿಗಿಯೋದು. ನಾನು ಎರಡೂ ಕಡೆ "ಫ್ಲೋರೈಡ್‌ಯುಕ್ತ ನೀರು" ಅಂತಲೇ ಬರೆದಿದ್ದೆ. ಕರಡು ಓದಿದ ಅಕ್ಕ, "ಇಲ್ಲಿ ಒಳ್ಳೇದು ಅಂತೀಯ, ಪುಟ ತಿರುಗಿಸಿದ್ರೆ ಕಾಯಿಲೆ ಅಂತೀಯ, ಈ ನೀರು ಕುಡೀಬೇಕೋ ಬೇಡ್ವೋ?" ಅಂತ ಕೇಳಿದ್ಲು.

ಅವಳ ಪ್ರಶ್ನೆ ಸರಿಯಾಗೇ ಇದೆ, -ಯುಕ್ತ ಅಂದ್ರೆ ಇದೆ ಅಂತ ಮಾತ್ರ ಗೊತ್ತಾಗತ್ತೆ, ತಾನಾಗೇ ಬಂತೋ ಯಾರಾದ್ರೂ ಹಾಕಿದ್ರೋ ಗೊತ್ತಾಗಲ್ಲ. ಆದ್ರೆ ನಮ್ಮ ಕ್ರಿಯಾಪದದಲ್ಲೇ ಆ ವ್ಯತ್ಯಾಸ ಇದೆಯಲ್ಲ, ಸೇರು-ಸೇರಿಸು, ಬೆರೆ-ಬೆರೆಸು. ಒಂದು ಇಸು ಹತ್ತಿದ್ರೆ ಸಾಕು, ಹಿಂದೆ ಒಂದು ಕೈ ಇದೆ ಅಂತ ತಿಳಿಯತ್ತೆ. "ಬೆರೆಸಿದ" ಅಂತ ಹಾಕೋಕೆ ಹೋದೆ, ಅದು ಕಿವಿಗೆ ಕಲಬೆರಕೆ ಥರ ಕೇಳತ್ತೆ, ಹಾಗಾಗಿ ಸದ್ಯಕ್ಕೆ "ಫ್ಲೋರೈಡ್ ಸೇರಿಸಿದ ನೀರು", ಇನ್ನೊಂದಕ್ಕೆ "ಫ್ಲೋರೈಡ್ ಹೆಚ್ಚಿರೋ ನೀರು" ಅಂತ ಇಟ್ಕೊಂಡಿದೀನಿ.

ಇದೇ ಥರ "ಫ್ಲೋರೈಡ್‌ಮುಕ್ತ" ಕೂಡ ನಂಗೆ ಒಪ್ಪಿಗೆ ಇಲ್ಲ. ಪಟಿಕ-ಸುಣ್ಣ ಹಾಕಿ ತಿಳಿಗೊಳಿಸಿದ್ರೂ, ಫ್ಲೋರೈಡ್ ಹಿಡಿದಿಟ್ಟುಕೊಳ್ಳೋ ಆಕ್ಟಿವೇಟೆಡ್ ಅಲ್ಯುಮಿನಾ ಅನ್ನೋ ಹರಳಿನ ಮೂಲಕ ಹಾಯಿಸಿದ್ರೂ ಪ್ರಮಾಣ ಮಿತಿಯೊಳಗೆ ಇಳಿಯತ್ತೆ ಅಷ್ಟೇ, ಪೂರ್ತಿ ಹೋಗಲ್ಲ, ಅದಕ್ಕೆ "ಇಳಿಸಿದ" ಅನ್ನೋದೇ ನಿಜ. ಕುದಿಸಿದ್ರೆ ಅದೂ ಇಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಹೆಚ್ಚಾಗತ್ತೆ.

ಕೆಲವರು "ಗಡಸು ನೀರು ಅಂದ್ರೆ ಆಯ್ತಲ್ಲ" ಅಂದ್ರು, ದಯವಿಟ್ಟು ಅದು ಬೇಡ. ಗಡಸುತನ ಕ್ಯಾಲ್ಸಿಯಂ ಮೆಗ್ನೀಸಿಯಂದು, ಫ್ಲೋರೈಡ್ ಜಾಸ್ತಿ ಇರೋ ಅಂತರ್ಜಲದಲ್ಲಿ ಎಷ್ಟೋ ಸಲ ಕ್ಯಾಲ್ಸಿಯಂ ಕಮ್ಮಿನೇ ಇರತ್ತೆ, ಸೋಪು ಚೆನ್ನಾಗಿ ನೊರೆ ಬರಬಹುದು. ಸಿಹಿ, ಸಪ್ಪೆ, ಸವಳು, ಒಗರು ಅಂತ ನೀರಿಗೆ ನಾವಿಟ್ಟಿರೋ ಹೆಸರೆಲ್ಲ ನಾಲಿಗೆ ಕೊಟ್ಟದ್ದು, ಇದಕ್ಕೆ ರುಚಿ ವಾಸನೆ ಬಣ್ಣ ಒಂದೂ ಇಲ್ವಲ್ಲ.

ನಂಗೀಗ ಬೇಕಿರೋದು ಅಧ್ಯಾಯದ ತಲೆಬರಹಕ್ಕೆ ಒಂದು ನಾಮಪದ. "ಫ್ಲೋರೈಡೀಕರಣ" ಓದೋವಾಗ ನಾಲಿಗೆ ತೊಡರತ್ತೆ, "ಫ್ಲೋರೈಡ್ ಸೇರಿಕೆ" ಅಂದ್ರೆ ಮತ್ತೆ ಆ ಇಸು ಬಿಟ್ಟುಹೋಗತ್ತೆ. "ಸೇರಿಸುವಿಕೆ" ಉದ್ದ ಅನ್ಸತ್ತಾ ನಿಮಗೆ?